ಗೊಣ್ಣೆತಾತನ ಗುಡ್ಡ

ಮರಡಿಗುಂಟೆಯಲ್ಲಿ ಬಸ್ಸಿಳಿದು ಪಡುವಣಕ್ಕೆ ಮುಖ ಮಾಡಿದರೆ ಒಂದು ಬೋಳುಗುಡ್ಡ ಕಾಣುತ್ತದೆ. ಗುಡ್ಡವೆಂದರೆ ಬಂಡೆಗಳ ರಾಶಿ. ಅಲ್ಲಲ್ಲಿ ಕಳ್ಳಿ, ಸೀತಾಫಲದ ಪೊದೆ, ಮತ್ತೇನಿಲ್ಲ. ನೆತ್ತಿಗಿಂತ ತುಸು ಕೆಳಗೆ ದೊಡ್ಡದೊಂದು ಬಂಡೆ ಮುಂದಕ್ಕೆ ಚಾಚಿಕೊಂಡಿದೆ. ಅದರ ಅಡಿಯಲ್ಲಿ ಎರಡು ಸೀಳು. ಎಡಗಡೆಯ ಸೀಳಿನಿಂದ ಬೇಸಿಗೆಯಲ್ಲೂ ನೀರು ಜಿನುಗುತ್ತದೆ. ನೀರು ಎಂದೆ; ನೋಡಿದರೆ ಹಾಗನ್ನಿಸುವುದಿಲ್ಲ. ಪಾಚಿಯೊಂದಿಗೆ ಸೇರಿ ಹಳದಿಹಸಿರು ಲೋಳೆಯಾಗಿ, ಬೀಳಲೋ ಬೇಡವೋ ಎಂದು ಬಹಳ ಹೊತ್ತು ಜೋತಾಡಿ, ಕೊನೆಗೆ ಕೆಳಗಿನ ಗುಟ್ಕಾ ಪ್ಯಾಕೆಟ್ಟುಗಳ ಮೇಲೆ ಬೀಳುತ್ತದೆ. ಇದರ ಹೆಸರು ಗೊಣ್ಣೆತಾತನ ಗುಡ್ಡ. ಕಳೆದ ವರ್ಷ ಅಭಿವೃದ್ಧಿ ಸಮಿತಿಯವರು ಬುಡದಲ್ಲಿ ಹಳದಿ ಬೋರ್ಡು ನೆಟ್ಟು ‘ಶ್ರೀ ಘನತಾತಗಿರಿ ಕ್ಷೇತ್ರ’ ಎಂದು ಬರೆಸಿದ್ದಾರೆ. ಘನತಾತ ಎಂಬ ಋಷಿ ಇಲ್ಲಿ ತಪಸ್ಸು ಮಾಡಿದನಂತೆ. ಆ ಋಷಿ ಹುಟ್ಟಿದ್ದು ಸಮಿತಿಯ ಸಭೆಯಲ್ಲಿ, ಕಾಫಿ ಬೋಂಡಾದ ನಡುವೆ. ಈಗ ಹೊರಊರಿನವರು ಬಂದು ಆ ಲೋಳೆಯನ್ನು ತೀರ್ಥವೆಂದು ಬಾಟಲಿಗೆ ಹಿಡಿಯುತ್ತಾರೆ. ಕುಡಿಯುತ್ತಾರೆ. ಥೂ! ಅದಕ್ಕೇ ಇದನ್ನು ಬರೆಯಬೇಕಾಯಿತು.

ಹಿಂದೆ ಒಮ್ಮೆ ಈ ಸೀಮೆಯನ್ನು ಬೊಮ್ಮನಾಯಕನೆಂಬ ಪಾಳೆಯಗಾರ ಆಳುತ್ತಿದ್ದ ಎನ್ನುತ್ತಾರೆ. ಆಳು ಎತ್ತರ, ಮೀಸೆ ದಪ್ಪ, ಮೂಗು ಇನ್ನೂ ದಪ್ಪ. ಆ ಮೂಗಿಗೆ ಹೊತ್ತುಹೊತ್ತಿಗೆ ನಸ್ಯ ಬೇಕು. ಏರಿಸಿದ ನಸ್ಯ ಒಳಗೆ ನಿಲ್ಲುತ್ತದೆಯೇ? ಕಂದುಬಣ್ಣದ ಹನಿಯಾಗಿ ತುದಿಗೆ ಬಂದು ತೂಗಾಡುತ್ತಿತ್ತು. ನಾಯಕ ಅದನ್ನು ಮೇಲಂಗಿಯ ತೋಳಿಗೆ ಒರೆಸುತ್ತಿದ್ದ. ತೋಳು ಒಣಗಿ ತಗಡಿನಂತೆ ಸೆಟೆದುಕೊಳ್ಳುತ್ತಿತ್ತು. ಅದೇ ಕೈಯಿಂದ ಪ್ರಸಾದ ಹಂಚುತ್ತಿದ್ದ; ಪ್ರಜೆಗಳು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. ಹೊಗಳುಭಟನೊಬ್ಬ ಆ ಹನಿಯನ್ನು ಮುತ್ತಿಗೆ ಹೋಲಿಸಿ ಪದ್ಯ ಕಟ್ಟಿದ. ಅವನಿಗೆ ಬೆಳ್ಳಿಕಡಗ ಸಿಕ್ಕಿತು. ಗೊಣ್ಣೆಗಿಂತ ಆ ಪದ್ಯವೇ ಹೆಚ್ಚು ಅಸಹ್ಯವೆಂದು ನನ್ನ ಅಭಿಪ್ರಾಯ.

ನಾಯಕನಿಗೆ ಒಬ್ಬಳೇ ಮೊಮ್ಮಗಳು, ಗುಜ್ಜವ್ವ. ತಾಯಿ ತಿಪ್ಪವ್ವ, ಪಕ್ಕದ ಪಾಳೆಯಪಟ್ಟಿನವಳು. ಈ ಕಡೆ ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಆಡುವಂತಿಲ್ಲ. ಹೆಸರನ್ನು ಹೋಲುವ ಮಾತನ್ನೂ ಆಡುವಂತಿಲ್ಲ. ಬೊಮ್ಮ ಎಂಬ ಸದ್ದು ಬರಬಾರದೆಂದು ತಿಪ್ಪವ್ವ ಮಗಳ ಬೊಂಬೆಯನ್ನು ‘ಮರದ ಪಾಪ’ ಎನ್ನುತ್ತಿದ್ದಳಂತೆ. ಹೀಗಿರುವಾಗ ಮಗುವಿಗೆ ತಾತನ ಹೆಸರು ಕಲಿಸುವವರು ಯಾರು? ಮಗುವಿಗೋ ಇಬ್ಬರು ತಾತಂದಿರು. ಒಬ್ಬನಿಂದ ಇನ್ನೊಬ್ಬನನ್ನು ಬೇರೆ ಮಾಡಬೇಕು. ಮಕ್ಕಳು ಕಂಡದ್ದನ್ನೇ ಹೆಸರಾಗಿ ಇಡುತ್ತವೆ. ತಾಯಿಯ ತಂದೆ ಕುದುರೆಯೇರಿ ಬರುತ್ತಿದ್ದ, ಅವನು ಕುದುರೆತಾತ. ಮನೆಯಲ್ಲಿದ್ದವನು ಗೊಣ್ಣೆತಾತ. ಎತ್ತಿಕೊಂಡಾಗಲೆಲ್ಲ ಅವಳ ಕಣ್ಣಿಗೆ ನೇರ ಕಾಣುತ್ತಿದ್ದದ್ದು ಅದೊಂದೇ.

ಮೊದಮೊದಲು ನಾಯಕನೂ ನಕ್ಕ. ಆದರೆ ಹೆಸರು ಒಳಮನೆಯಿಂದ ಹೊರಗೆ ಬಂತು. ಅಡಿಗೆಯವರು, ಲಾಯದವರು, ಸಂತೆಯವರು, ಎಲ್ಲರೂ ಹಿಂದಿನಿಂದ ಹಾಗೇ ಅನ್ನತೊಡಗಿದರು. ಆಗ ಡಂಗುರ ಹೊಡೆಸಿದ. ಆ ಹೆಸರು ಎತ್ತಿದವನ ಮೂಗಿಗೆ ಹಿಡಿನಸ್ಯ ತುರುಕಿ ಬಿಸಿಲಿನ ಬಂಡೆಗೆ ಕಟ್ಟುವುದೆಂದು ಅಪ್ಪಣೆ. ಮೊದಲು ಸಿಕ್ಕವನು ಅಗಸರ ಮುದ್ದ, ನಾಯಕನ ಅಂಗಿಯ ತೋಳುಗಳನ್ನು ಕಲ್ಲಿಗೆ ಬಡಿದು ಬಡಿದು ಒಗೆಯುತ್ತಿದ್ದವನು. ಅವನು ಅನ್ನದೆ ಇನ್ಯಾರು ಅನ್ನಬೇಕು? ಸೀನಿ ಸೀನಿ ಅವನ ಮೂಗಿನಲ್ಲಿ ನೆತ್ತರು ಬಂತು. ಬಾಯಿಂದ ನೊರೆ ಬಂತು. ಜನ ಸುತ್ತ ನಿಂತು ನೋಡಿದರು. ಸೊಂಟದ ಮೇಲೆ ಮಗಳನ್ನು ಹೊತ್ತು ತಿಪ್ಪವ್ವನೂ ಕಿಟಕಿಯಲ್ಲಿ ನಿಂತಿದ್ದಳು. ಗುಜ್ಜವ್ವ ಅದನ್ನು ಕಂಡಳು. ಅಂದಿನಿಂದ ಅವಳು ತಾತನನ್ನು ಏನೆಂದೂ ಕರೆಯಲಿಲ್ಲ. ಬಂದರೆ ಬಾಗಿಲ ಹಿಂದೆ ಸರಿಯುತ್ತಿದ್ದಳು. ‘ನಾಯಕರು’ ಎಂದು ಹೇಳಿಕೊಟ್ಟರು. ಅದನ್ನೂ ಹೇಳಲಿಲ್ಲ.

ಮುಂದೆ ನಾಯಕನಿಗೆ ಇನ್ನೊಂದು ಹುಚ್ಚು ಹಿಡಿಯಿತು. ಈ ಗುಡ್ಡಕ್ಕೆ ಬೊಮ್ಮಗಿರಿ ಎಂದು ಹೆಸರಿಡಬೇಕು, ಬುಡದಲ್ಲಿ ತನ್ನ ಬಿರುದುಗಳ ಕಲ್ಲು ನಿಲ್ಲಿಸಬೇಕು. ಹಾಗಾಗಿದ್ದರೆ ಸೊಸೆ ಗುಡ್ಡದ ಹೆಸರನ್ನೂ ಹೇಳುವಂತಿರಲಿಲ್ಲ. ಸುತ್ತಲಿನ ಪಾಳೆಯಗಾರರಿಗೆಲ್ಲ ಕರೆ ಹೋಯಿತು. ಕುದುರೆತಾತನೂ ಬಂದ. ಗುಡ್ಡದ ಬುಡದಲ್ಲೇ ಸಭೆ ಕೂಡಿತು. ಬಿರುದುಗಳನ್ನು ಆಗಲೇ ಕಲ್ಲಿನಲ್ಲಿ ಕಡೆದಿದ್ದರು; ಗುಡ್ಡದ ಹೆಸರಿನ ಸಾಲನ್ನು ಎಲ್ಲರೆದುರಿಗೆ ಕೆತ್ತಬೇಕೆಂದು ಖಾಲಿ ಬಿಟ್ಟಿದ್ದರು. ಹೊಗಳುಭಟ ಶುರು ಮಾಡಿದ. ಶತ್ರುಗಳ ಎದೆಶೂಲ, ಮಲೆತವರ ಗಂಡ, ಮತ್ತೊಂದು, ಮಗದೊಂದು. ಮುಗಿಯುವಂತೆಯೇ ಇರಲಿಲ್ಲ. ಸಭೆಯಲ್ಲಿ ಒರೆಸಿಕೊಳ್ಳುವುದು ಹೇಗೆ? ಹನಿ ಇಳಿಯಿತು. ಮೀಸೆ ದಾಟಿತು. ಎಲ್ಲರೂ ಕಂಡರು, ಎಲ್ಲರೂ ಕಾಣದವರಂತೆ ಕೂತರು. ತಾಯಿಯ ಮಡಿಲಲ್ಲಿದ್ದ ಗುಜ್ಜವ್ವನಿಗೆ ತಡೆಯಲಿಲ್ಲ. ‘ಗೊಣ್ಣೆತಾತಾ, ಬಿತ್ತು ಬಿತ್ತು, ಒರೆಸ್ಕೋ!’ ಎಂದು ಚೀರಿದಳು. ಅತಿಥಿಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾಯಕ ಎದ್ದು ನಿಂತು, ‘ಯಾರದು ಈ ಕೂಸು? ನಸ್ಯ ತನ್ನಿ’ ಎಂದ. ಐದು ವರ್ಷದ ಮಗುವಿಗೆ. ಅದನ್ನು ನಿಜವಾಗಿ ಮಾಡುತ್ತಿದ್ದನೋ ಇಲ್ಲವೋ, ಹೇಳಲು ಬರುವುದಿಲ್ಲ. ಮಗು ಕಾದು ನೋಡಲಿಲ್ಲ. ಮಡಿಲಿನಿಂದ ಜಾರಿ ಬಂಡೆಗಳ ಸಂದಿಗೆ ಓಡಿಬಿಟ್ಟಿತು.

ಆಗ ಈ ಗುಡ್ಡದ ತುಂಬ ಕರಡಿಗಳಿದ್ದವು. ಹೊತ್ತು ಮುಳುಗಿದರೆ ಹೊರಗೆ ಬರುತ್ತಿದ್ದವು. ಆಳುಗಳು ಹತ್ತಿದರು, ಇಳಿದರು. ‘ಅವ್ವಾರೇ, ನಾಯಕರ ಅಪ್ಪಣೆಯಾಗೈತೆ, ಹೊರಕ್ಕೆ ಬನ್ನಿ’ ಎಂದು ಕೂಗಿದರು. ಬುದ್ಧಿಯಿಲ್ಲದ ಜನ. ಆ ಕೂಗು ಕೇಳಿದಷ್ಟೂ ಮಗು ಒಳಒಳಕ್ಕೆ ಸರಿಯಿತು. ಹೊತ್ತು ಇಳಿದು, ಬಿಸಿಲು ಬಂಡೆಗಳ ನೆತ್ತಿಯಲ್ಲಷ್ಟೇ ಉಳಿಯಿತು. ಆಗ ತಿಪ್ಪವ್ವ ಸೆರಗಿನಲ್ಲಿ ಮುಖ ಮರೆಮಾಡಿಕೊಂಡು ಮಾವನೆದುರಿಗೆ ಬಂದಳು. ಮದುವೆಯಾಗಿ ಬಂದಮೇಲೆ ಅವನ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು ಎನ್ನುತ್ತಾರೆ. ‘ಮಾವನೋರೇ, ಅವಳು ನಾಯಕರಿಗೆ ಹೆದರಿ ಓಡವಳೆ. ನಾಯಕರು ಕರೆದ್ರೆ ಬರಾಕಿಲ್ಲ. ತಾತ ಕರೀಬೇಕು’ ಎಂದಳು. ಅಷ್ಟೇ ಅಂದು ಹಿಂದೆ ಸರಿದಳು.

ನಾಯಕ ಒಬ್ಬನೇ ಹತ್ತಿದ. ಅತಿಥಿಗಳು ಕೆಳಗೆ ಕೂತು ನೋಡುತ್ತಿದ್ದರು. ಚಾಚಿದ ಬಂಡೆಯ ಅಡಿಗೆ ಬಂದು, ಬಲಗಡೆಯ ಒಣಸೀಳಿಗೆ ಬಾಯಿ ಕೊಟ್ಟು, ‘ಗುಜ್ಜೀ, ನಾನು ಕಣೇ, ತಾತ’ ಎಂದು ಕೂಗಿದ. ಒಳಗಿನಿಂದ ಸಣ್ಣ ದನಿ ಬಂತು. ‘ಯಾವ ತಾತ?’

ಕೇಳಿದ್ದು ನ್ಯಾಯವೇ. ಕೆಳಗೆ ಕುದುರೆತಾತನೂ ಇದ್ದನಲ್ಲ. ನಾಯಕ, ‘ನಿಮ್ಮಪ್ಪನ ಅಪ್ಪ’ ಎಂದ. ಮಗು ಬರಲಿಲ್ಲ. ‘ಬೊಮ್ಮತಾತ’ ಎಂದ. ಆ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ. ಯಾರೋ ಅನ್ಯನೆಂದು ಇನ್ನಷ್ಟು ಒಳಗೆ ಸರಿದ ಸದ್ದು ಕೇಳಿಸಿತು. ಪಕ್ಕದ ಬಂಡೆಯ ಹಿಂದೆ ಯಾವುದೋ ದೊಡ್ಡ ಮೈ ಕಲ್ಲಿಗೆ ಉಜ್ಜಿಕೊಂಡ ಸದ್ದೂ ಕೇಳಿಸಿತು. ನಾಯಕ ಕೆಳಗೆ ನೋಡಿದ. ಪಾಳೆಯಗಾರರು, ಹೊಗಳುಭಟ, ಉಳಿ ಹಿಡಿದು ನಿಂತ ಕಲ್ಲುಕುಟಿಗ, ಮೂಗು ಊದಿದ ಮುದ್ದ. ಆಮೇಲೆ ಎದೆ ತುಂಬ ಉಸಿರೆಳೆದುಕೊಂಡು, ‘ನಿನ್ನ ಗೊಣ್ಣೆತಾತ ಕಣವ್ವಾ!’ ಎಂದು ಕೂಗಿದ. ಬಂಡೆಗಳಿಗೆ ಮರ್ಯಾದೆ ಗೊತ್ತಿಲ್ಲ. ಒಂದು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ, ಗೊಣ್ಣೆತಾತ, ಗೊಣ್ಣೆತಾತ ಎಂದು ಹೇಳುತ್ತಾ ಇಡೀ ಸೀಮೆಗೆ ಸಾರಿಬಿಟ್ಟವು. ಮಗು ತೆವಳಿಕೊಂಡು ಹೊರಗೆ ಬಂತು. ತಾತನ ಕೊರಳಿಗೆ ಬಿದ್ದು, ತನ್ನ ಲಂಗದ ಅಂಚಿನಿಂದ ಅವನ ಮೂಗು ಒರೆಸಿತು. ಹೊಟ್ಟೆ ತೊಳೆಸುವ ಮಾತು, ನಿಜ. ಆದರೆ ಇದನ್ನು ಬಿಟ್ಟು ಕಥೆ ಹೇಳಿದರೆ ನಮ್ಮೂರಲ್ಲಿ ಯಾರೂ ಒಪ್ಪುವುದಿಲ್ಲ. ಕೆಳಗಿಳಿದ ನಾಯಕನನ್ನು ಕಲ್ಲುಕುಟಿಗ, ‘ಹೆಸರು ಕೆತ್ತಲಾ ಬುದ್ಧೀ?’ ಎಂದು ಕೇಳಿದ. ‘ಇನ್ನೇನು ಕೆತ್ತುತೀಯೋ, ಬಿಡೋ’ ಎಂದನಂತೆ.

ಆ ಕಲ್ಲು ಇಂದಿಗೂ ಬುಡದಲ್ಲಿದೆ. ಬಿರುದುಗಳು ಸವೆದಿವೆ. ಕೊನೆಯ ಸಾಲು ಖಾಲಿಯೇ ಇದೆ. ಸಮಿತಿಯವರು ಅದರ ಮೇಲೂ ಎಣ್ಣೆಬಣ್ಣ ಬಳಿಯಲು ಹೊರಟಿದ್ದರು. ಹೆಂಗಸರು ಬೈದು ಓಡಿಸಿದರು. ಮೊದಲ ಮೊಮ್ಮಗುವಿಗೆ ಮಾತು ಬಂದಮೇಲೆ ಇಲ್ಲಿಗೆ ಕರೆತರುವುದು ನಮ್ಮ ಪದ್ಧತಿ. ಮಗು ಅದೇ ಸೀಳಿನೊಳಗೆ ನಿಂತು ‘ಯಾವ ತಾತ?’, ‘ಯಾವ ಅಜ್ಜಿ?’ ಎಂದು ಕೇಳುತ್ತದೆ. ಹೊರಗಿದ್ದವರು ಮನೆಯಲ್ಲಿ ಮಗು ತಮ್ಮನ್ನು ಕರೆಯುವ ಹೆಸರನ್ನೇ ಕೂಗಬೇಕು. ಬೇರೆ ಹೆಸರಿಗೆ ಮಗು ಹೊರಬರುವಂತಿಲ್ಲ. ಕಳೆದ ಯುಗಾದಿಯ ಮಾರನೆಯ ದಿನ ಸಮಿತಿಯ ಅಧ್ಯಕ್ಷರೇ ಮೊಮ್ಮಗಳನ್ನು ಕರೆತಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದೆ ಹತ್ತು ಜನ. ‘ಅಧ್ಯಕ್ಷತಾತ’ ಎಂದು ಕೂಗಿದರು. ಮಗು ಬರಲಿಲ್ಲ. ‘ಒಳ್ಳೆತಾತ’ ಎಂದರು. ಬರಲಿಲ್ಲ. ಒಳಗಿನಿಂದ ‘ಯಾವ ತಾತ?’ ಎಂಬ ಅದೇ ಪ್ರಶ್ನೆ. ಅಧ್ಯಕ್ಷರು ಬೆವರೊರೆಸಿಕೊಂಡರು. ಹಿಂದಿದ್ದ ಹತ್ತು ಜನರನ್ನು ನೋಡಿದರು. ಕಣ್ಣು ಮುಚ್ಚಿ, ‘ಹೂಸುತಾತ’ ಎಂದು ಕೂಗಿದರು. ಬಂಡೆಗಳು ತಮ್ಮ ಕೆಲಸ ಮಾಡಿದವು. ಬಸ್ ನಿಲ್ದಾಣದಲ್ಲಿ ಕೂತಿದ್ದ ನನಗೂ ಕೇಳಿಸಿತು.

ಬೋರ್ಡು ಇನ್ನೂ ಅಲ್ಲೇ ಇದೆ. ಎಡಗಡೆಯ ಸೀಳೂ ಸುರಿಯುತ್ತಲೇ ಇದೆ. ಬಂದವರು ನೋಡಬಹುದು, ಕೂಗಬಹುದು. ಬಾಟಲಿ ಮಾತ್ರ ತರಬೇಡಿ.