ಹುಟ್ಟದ ಕೂಸಿಗೆ ರಹದಾರಿ

"ನನ್ನ ಹೆಬ್ಬಾಗಿಲಲ್ಲಿ ರಹದಾರಿ ಚೀಟಿ ಇಲ್ಲದೆ ಒಂದು ಸೊಳ್ಳೆಯೂ ನುಸುಳಲಾರದು!" ಎಂದು ಸಿಂಗನಕೋಟೆಯ ದೊರೆ ಮಲ್ಲಿದೇವ ಮೀಸೆ ತಿರುವಿದ. ಅದೇ ಹೊತ್ತಿಗೆ ಒಂದು ಸೊಳ್ಳೆ ಅವನ ಕಿವಿಯ ಸುತ್ತ ಹಾಡುತ್ತಿತ್ತು. ಅದರ ಚೀಟಿಯನ್ನು ಯಾರೂ ಕೇಳಲಿಲ್ಲ.

ಪಕ್ಕದಲ್ಲಿ ಲೇಖಣಿ ಹಿಡಿದು ನಿಂತಿದ್ದವನು ಆಸ್ಥಾನದ ಕರಣಿಕ ಕೇತಯ್ಯ. ರಹದಾರಿ ಬರೆಯುವುದು ಅವನ ಕೆಲಸ. ದೊರೆಯ ಮಾತಿಗೆಲ್ಲ ಹೂಂಗುಟ್ಟುವುದು ಅದಕ್ಕಿಂತ ದೊಡ್ಡ ಕೆಲಸ.

ಅಂದು ಹೊಳೆಯಾಚೆಯ ಬನದೂರು ರಾಜ್ಯದಿಂದ ಕಂಚುಗಾರ ಕಾಳಾಚಾರಿ ಹೆಂಡತಿಯೊಡನೆ ಆ ಬಾಗಿಲಿಗೆ ಬಂದಿದ್ದ. ಕೋಟೆಗೊಂದು ಭಾರಿ ಗಂಟೆ ಎರಕ ಹೊಯ್ಯಲು ದೊರೆಯೇ ಅವನನ್ನು ಕರೆಸಿದ್ದ. ಎರಡು ವರ್ಷದ ಕೆಲಸ. ಗಂಡ ಹೆಂಡತಿ ಇಬ್ಬರಿಗೂ ಕೇತಯ್ಯ ಮೊದಲೇ ಚೀಟಿ ಬರೆದು ಕಳಿಸಿದ್ದ. ಚೀಟಿ ನಂಬಿ ಅವರು ಮನೆ ಖಾಲಿ ಮಾಡಿ, ಒಲೆ ಆರಿಸಿ, ಗಂಟುಮೂಟೆ ಕಟ್ಟಿಕೊಂಡು ಬಂದಿದ್ದರು. ಚೀಟಿ ಬರೆದಾಗ ಇಲ್ಲದ ಸಂಗತಿಯೊಂದು ಈಗ ಎದ್ದು ಕಾಣುತ್ತಿತ್ತು. ಕಾಳಾಚಾರಿಯ ಹೆಂಡತಿ ಹೊನ್ನಮ್ಮ ಏಳು ತಿಂಗಳ ಬಸುರಿ.

ಹೆಬ್ಬಾಗಿಲ ಅಧಿಕಾರಿ ದುಗ್ಗಣ್ಣ ಬೆರಳು ಮಡಿಸಿ ಎಣಿಸಿದ. "ಚೀಟಿಯಲ್ಲಿ ಎರಡು ಜೀವ. ಆಚಾರಿ ಒಂದು. ಆಕೆಯೋ ಎರಡು ಜೀವದವಳು. ಒಟ್ಟು ಮೂರು! ಮೂರನೆಯವರ ವಿವರ ಹೇಳಿ. ಹೆಸರು?"

"ಇನ್ನೂ ಇಟ್ಟಿಲ್ಲ ಸ್ವಾಮಿ," ಎಂದ ಕಾಳಾಚಾರಿ.

"ಗಂಡೋ ಹೆಣ್ಣೋ?"

"ಬಂದ್ಮೇಲೆ ಗೊತ್ತಾಗ್ತದೆ."

"ಮೈಮೇಲೆ ಮಚ್ಚೆ, ಗಾಯದ ಗುರುತು?"

"ಒಳಗೆ ಇಣುಕಿ ನೋಡೋಕೆ ಕಿಟಕಿ ಇಲ್ವಲ್ಲ ಸ್ವಾಮಿ!"

"ಕಸುಬು?"

"ಸದ್ಯಕ್ಕೆ ಒದೆಯೋದು," ಎಂದಳು ಹೊನ್ನಮ್ಮ. ಕಾವಲಿನವರೆಲ್ಲ ಕಿಸಕ್ಕನೆ ನಕ್ಕರು.

ದೊರೆ ಮಾತ್ರ ನಗಲಿಲ್ಲ. "ಗಡಿಯಾಚೆಯಿಂದ ಬರುವ ಕೂಸು, ಹೊಟ್ಟೆಯೊಳಗಿರಲಿ, ತೊಟ್ಟಿಲಲ್ಲಿರಲಿ, ಪರದೇಶಿಯೇ ಸರಿ. ಪರದೇಶಿ ಕೂಸಿಗೆ ಬೇರೆ ಚೀಟಿ ಬೇಕು. ಅದು ಸಿಗಲು ಒಂದು ವರ್ಷ. ಆಚಾರಿ ಒಳಗೆ ಬರಲಿ, ಆಕೆ ಆಚೆ ದಡದಲ್ಲೇ ಹೆತ್ತು ಆಮೇಲೆ ಅರ್ಜಿ ಹಾಕಲಿ!"

ಹೊನ್ನಮ್ಮನ ಮುಖ ಸಣ್ಣಗಾಯಿತು. "ಆಚೆ ಯಾರವ್ರೆ ಬುದ್ಧಿ ನಂಗೆ? ಅವ್ವ ತೀರ್ಕೊಂಡು ಮೂರು ವರ್ಷ ಆಯ್ತು. ತವರು ಅಂತಿಲ್ಲ. ಚೊಚ್ಚಲ ಹೆರಿಗೆ, ಒಬ್ಳೇ ಹೆರಲಾ?"

ಕೇತಯ್ಯ ಅವರ ಕೈಯಲ್ಲಿದ್ದ ಚೀಟಿಯತ್ತ ನೋಡಿದ. ಅವರನ್ನು ಮನೆ ಬಿಡಿಸಿದ್ದು ತನ್ನದೇ ಅಕ್ಷರ. ಆದರೆ ದೊರೆಯ ಎದುರು 'ಇದು ತಪ್ಪು' ಎಂದರೆ ತಪ್ಪು ಇನ್ನೂ ಗಟ್ಟಿಯಾಗುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಕೈ ಮುಗಿದು ಹಲ್ಲು ಕಿರಿದ.

"ಆಹಾ ಪ್ರಭು, ಎಂಥ ಕಟ್ಟುನಿಟ್ಟು! ಈಗಲೇ ಶಾಸನ ಬರೆದುಬಿಡುತ್ತೇನೆ. ಒಂದೇ ಯೋಚನೆ. ಜನ ಆಡಿಕೊಳ್ಳುತ್ತಾರೆ, ಬಡವರಿಗೊಂದು ನಿಯಮ, ಅರಮನೆಗೊಂದು ನಿಯಮ ಅಂತ."

"ಯಾವನೋ ಹಾಗನ್ನೋನು? ಅರಮನೆಗೂ ಇದೇ ನಿಯಮ! ಬರಿ!"

ಕೇತಯ್ಯ ಬರೆದ. ದೊರೆ ಟಪ್ಪೆಂದು ಮುದ್ರೆ ಒತ್ತಿದ. ಕೇತಯ್ಯ ಹೊನ್ನಮ್ಮನ ಬಳಿ ಹೋಗಿ ಪಿಸುಗುಟ್ಟಿದ: "ಬಾಗಿಲಾಚೆಯ ಮಂಟಪದಲ್ಲಿ ಮೂರು ದಿನ ಇರು ತಾಯಿ. ಎಲ್ಲಿಗೂ ಹೋಗಬೇಡ."

ಮೂರನೆಯ ದಿನ ಹೆಬ್ಬಾಗಿಲಿಗೆ ವಾಲಗದ ಸಮೇತ ಪಲ್ಲಕ್ಕಿ ಬಂತು. ಒಳಗೆ ರಾಣಿ ಚಂದಲದೇವಿ. ಸೀಮಂತ ಮುಗಿಸಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೊರಟಿದ್ದಳು. ಅವಳ ತವರು ಬೇರೆಲ್ಲೂ ಅಲ್ಲ, ಬನದೂರೇ. ಬೀಳ್ಕೊಡಲು ಬಂದ ದೊರೆಯ ಮುಖದಲ್ಲಿ ಹಿಗ್ಗೋ ಹಿಗ್ಗು.

ಕೇತಯ್ಯ ಬಾಗಿಲಿಗೆ ಅಡ್ಡ ಕುಳಿತು ಚೀಟಿ ಬರೆಯುತ್ತಿದ್ದ. "ಹೋಗುವವರು, ರಾಣಿಯವರು. ತಿರುಗಿ ಬರುವವರು, ರಾಣಿಯವರು. ಸರಿ, ಹೊರಡಬಹುದು."

"ಮಗು?" ಎಂದ ದೊರೆ.

"ಯಾವ ಮಗು ಪ್ರಭು? ಹೆಸರು? ಮಚ್ಚೆ? ಕಸುಬು?"

"ಲೇ ಕೇತಯ್ಯ! ಅದು ಯುವರಾಜ ಕಣೋ!"

"ಇರಬಹುದು. ಆದರೆ ಗಡಿಯಾಚೆಯಿಂದ ತೊಟ್ಟಿಲಲ್ಲಿ ಬರುವ ಕೂಸು. ಒಂದು ವರ್ಷ ಮಂಟಪದಲ್ಲಿ ಕಾಯಲಿ. ಜೊತೆಗೆ ಹೊನ್ನಮ್ಮನ ಮಗುವೂ ಇರುತ್ತದೆ, ಆಟಕ್ಕೆ ಆಯಿತು."

"ನನ್ನ ಮಗನನ್ನು ಪರದೇಶಿ ಅಂತೀಯಾ?"

"ಶಿವ ಶಿವ! ನನಗೆಲ್ಲಿ ಅಷ್ಟು ಧೈರ್ಯ? ಅನ್ನುತ್ತಿರುವುದು ತಮ್ಮ ಮುದ್ರೆ."

ದೊರೆ ಪಲ್ಲಕ್ಕಿಯತ್ತ ತಿರುಗಿದ. "ದೇವೀ, ಹೆರಿಗೆ ಇಲ್ಲೇ ಆದರೆ ಹೇಗೆ?"

ಪರದೆ ಸರ್ರನೆ ಸರಿಯಿತು. "ಇಲ್ಲಿ ಬಾಣಂತನ ಯಾರು ಮಾಡ್ತಾರೆ, ನೀವಾ? ಚೊಚ್ಚಲು ನಮ್ಮಮ್ಮನ ಹತ್ತಿರವೇ. ನಿಮ್ಮ ನಿಯಮ ನೀವೇ ತೊಟ್ಟಿಲಲ್ಲಿಟ್ಟು ತೂಗಿಕೊಳ್ಳಿ!" ಪರದೆ ಮತ್ತೆ ಮುಚ್ಚಿತು. ವಾಲಗದವರು ಊದುವುದನ್ನೇ ಮರೆತರು.

ದೊರೆ ಬೆವರು ಒರೆಸಿಕೊಂಡ. "ಸರಿ ಸರಿ, ಬರಿ. ತಾಯಿಯ ಚೀಟಿಯೇ ಮಗುವಿಗೂ ಸಾಕು."

"ರಾಣಿಯವರಿಗೆ ಮಾತ್ರವೋ? ಅರಮನೆಗೊಂದು ನಿಯಮ ಅಂತ ಆಗಿಬಿಡುತ್ತದೆ."

"ಎಲ್ಲ ತಾಯಂದಿರಿಗೂ ಬರೆಯೋ ಮಾರಾಯ!"

ಶಾಯಿ ಒಣಗುವ ಮೊದಲೇ ಮುದ್ರೆ ಬಿತ್ತು. ಪಲ್ಲಕ್ಕಿ ಆಚೆ ಹೋಯಿತು, ಹೊನ್ನಮ್ಮ ಗಂಡನ ಕೈ ಹಿಡಿದು ಈಚೆ ಬಂದಳು. ಅಷ್ಟೂ ದಿನ ತಡೆದಿದ್ದ ಅಳು ಈಗ ನಗುವಿನ ಜೊತೆಗೇ ಬಂತು. ಅದನ್ನು ಕಂಡು ದೊರೆಗೆ ನಾಚಿಕೆಯಾಯಿತು, ನಗುವೂ ಬಂತು. ಕೇತಯ್ಯ ಆಕೆಗೆ ಬರೆದುಕೊಟ್ಟ ಹೊಸ ಚೀಟಿಯನ್ನು ದೊರೆ ಇಸಿದುಕೊಂಡು ಓದಿದ.

"ಇದೇನೋ? 'ಬಂದ ಕಾರಣ: ತವರಿನಲ್ಲಿ ಬಾಣಂತನ' ಅಂತ ಬರೆದಿದ್ದೀಯ? ಇವಳಿಗೆ ಇಲ್ಲಿ ತವರು ಎಲ್ಲಿದೆ?"

"ಅರಮನೆಯೇ ಪ್ರಭು. ತಾವು ನಮ್ಮೆಲ್ಲರ ತಂದೆ ಅಂತ ಹೊಗಳುಭಟರು ದಿನಾ ಗಂಟಲು ಹರಿದುಕೊಳ್ಳುತ್ತಾರೆ. ಚೀಟಿ ಕೊಟ್ಟ ಮೇಲೆ ಇವಳೂ ತಮ್ಮ ಮಗಳೇ. ತಂದೆಯ ಮನೆ ತವರಲ್ಲದೆ ಮತ್ತೇನು?"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊನ್ನಮ್ಮನಿಗೆ ಅರಮನೆಯಲ್ಲೇ ಬಾಣಂತಿ ಕೋಣೆ ಸಿದ್ಧ ಮಾಡಲು ಹೇಳಿ, ತನ್ನ ಕೊರಳ ಹಾರ ತೆಗೆದು ಕೇತಯ್ಯನಿಗೆ ಹಾಕಿದ.

"ಪಾಪಿ, ನಾನಿನ್ನೂ ಅಪ್ಪನೇ ಆಗಿಲ್ಲ," ಎಂದ ದೊರೆ, "ಆಗಲೇ ಅಜ್ಜನನ್ನು ಮಾಡಿಬಿಟ್ಟೆಯಲ್ಲೋ!"