ಕಡೆಯ ಶಬ್ದ

ನಮ್ಮ ಕಡೆ ಕ್ರೈಸ್ತರಲ್ಲಿ ಯಾರಾದರೂ ತೀರಿಕೊಂಡಾಗ ಮಣ್ಣಿಗೆ ಹೋದವರು ಒಂದು ಸಂಗತಿ ಗಮನಿಸಿರಬಹುದು. ಹಾಡಿನ ಸಾಲು ಮುಗಿಯುವ ಮೊದಲೇ ಹಾಡುವವರು ಸುಮ್ಮನಾಗುತ್ತಾರೆ. ಕಡೆಯ ಒಂದು ಶಬ್ದವನ್ನು ಗಿಟಾರಿನ ತಂತಿ ಹೇಳುತ್ತದೆ.

ಯಾಕೆ ಹೀಗೆ ಎಂದು ಕೇಳಿ ನೋಡಿ. "ಮೊದಲಿಂದ ಹಂಗೇ ಬಂದೈತ್ರಿ" ಎನ್ನುತ್ತಾರೆ.

ಯಾವ ಮೊದಲು? ಯೋನಪ್ಪ ಮಾಸ್ತರರಿಗಿಂತ ಮೊದಲು ಅದು ಇರಲೇ ಇಲ್ಲ.

ಯೋನಪ್ಪ ಮಾಸ್ತರರು ಇದ್ದದ್ದು ಹೊಳೆಯ ದಂಡೆಯ ಕಾಲೊನಿಯಲ್ಲಿ. ಒಂದು ಕಾಲಕ್ಕೆ ಕುಷ್ಠರೋಗ ಬಂದವರನ್ನು ಮನೆಯವರು ಅಲ್ಲಿ ತಂದು ಬಿಟ್ಟು ಹೋಗುತ್ತಿದ್ದರು. ಆಮೇಲೆ ಔಷಧ ಬಂತು, ರೋಗ ಹೋಯಿತು. ಬಿಟ್ಟು ಹೋದವರು ಮಾತ್ರ ಕರೆದುಕೊಂಡು ಹೋಗಲು ಬರಲಿಲ್ಲ.

ಮಾಸ್ತರರ ಎಡಗೈಯಲ್ಲಿ ಎರಡೇ ಬೆರಳು ಉಳಿದಿದ್ದವು. ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಆ ಎರಡು ಬೆರಳಲ್ಲಿ ಒಂದು ಔಷಧದ ಸೀಸೆ ಹಿಡಿದು ತಂತಿಯ ಮೇಲೆ ಜಾರಿಸುತ್ತ, ಬೆರಳಿಲ್ಲದ ಬಲಗೈಯ ಮೊಂಡಿನಿಂದ ಮೀಟುತ್ತಿದ್ದರು. ಕೇಳಿದವರಿಗೆ ಯಾರೋ ಬಾಯಿ ತೆರೆದು ಅತ್ತ ಹಾಗಾಗುತ್ತಿತ್ತು.

ಕಾಲೊನಿಯಲ್ಲಿ ಯಾರೇ ತೀರಿಕೊಳ್ಳಲಿ, ತಾವೇ ಕಟ್ಟಿದ ಒಂದು ಹಾಡು ಹಾಡಿ ಕಳಿಸುತ್ತಿದ್ದರು.

"ಹೊಳಿ ತುಂಬಿ ಬಂದೈತಿ, ತಂದೆ, ಹಿಡಿಯೋ ನನ್ನ ಕೈ."

"ನನ್ನ" ಎನ್ನುವವರೆಗೆ ಬಾಯಿಂದ. "ಕೈ" ಎನ್ನುವುದು ತಂತಿಯಿಂದ.

ಇದರ ಮೇಲೆ ಚರ್ಚಿನ ಸಭಾಪಾಲಕರು ಒಂದು ಭಾನುವಾರ ಮುಕ್ಕಾಲು ತಾಸು ಪ್ರಸಂಗ ಮಾಡಿದ್ದರು. ಮನುಷ್ಯನ ಮಾತು ನಿಂತಲ್ಲಿ ದೇವರ ಮಾತು ಶುರುವಾಗುತ್ತದೆ ಎಂದಿದ್ದರು. ಮಾಸ್ತರರು ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸಿದರು.

ಅವರ ಹತ್ತಿರ ಒಬ್ಬ ಕಲಿಯಲು ಬಂದ. ಹನೋಕ ಎಂದು ಹೆಸರು. ಪಟ್ಟಣದ ದೊಡ್ಡ ಚರ್ಚಿನಲ್ಲಿ ಆರು ವರ್ಷ ಗಿಟಾರ್ ಬಾರಿಸಿ ಭೇಷ್ ಅನ್ನಿಸಿಕೊಂಡವನು. ಒಂದು ಮಣ್ಣಿನಲ್ಲಿ ಮಾಸ್ತರರ ಹಾಡು ಕೇಳಿದ ಮೇಲೆ ಅವನಿಗೆ ತಾನು ಬಾರಿಸುವುದೇ ಸಪ್ಪೆ ಅನ್ನಿಸಿತ್ತು.

"ಏನ ಬೇಕಪಾ?" ಎಂದರು ಮಾಸ್ತರರು.

"ಕಲೀಬೇಕ್ರಿ."

"ಉಂಡೀಯೇನು?"

"ಇಲ್ರಿ."

ಮಾಸ್ತರರ ಹೆಂಡತಿ ರಾಹೇಲಮ್ಮ ರೊಟ್ಟಿ ತಂದಿಟ್ಟಳು. ಅವಳ ಕೈಯಲ್ಲೂ ಬೆರಳು ಮೊಂಡಾಗಿದ್ದವು. ಹನೋಕ ಒಂದು ಗಳಿಗೆ ರೊಟ್ಟಿಯನ್ನು ನೋಡುತ್ತ ಕೂತ. ರಾಹೇಲಮ್ಮನಿಗೆ ಅಷ್ಟು ಸಾಕಾಯಿತು.

"ತಿನ್ನೋ ಮಾರಾಯಾ. ರೋಗ ಹೋಗಿ ಮೂವತ್ತ ವರ್ಷ ಆತು. ಈಗ ನನ್ನ ಕೈಯಾಗ ಖಾರ ಒಂದ ಉಳದೈತಿ."

ಹನೋಕ ನಾಚಿಕೊಂಡು ನಾಲ್ಕು ರೊಟ್ಟಿ ತಿಂದ. ಕಣ್ಣಲ್ಲಿ ನೀರು ಬಂತು, ಖಾರ ಹಾಗಿತ್ತು. ಅಂದಿನಿಂದ ಅಲ್ಲೇ ಉಳಿದ.

ಮಾಸ್ತರರು ಅವನಿಗೆ ಮೊದಲು ಕೊಟ್ಟದ್ದು ಗಿಟಾರ್ ಅಲ್ಲ, ಪಟ್ಟಿ. ಕಾಲೊನಿಯವರ ಕೈಕಾಲಿಗೆ ಸ್ಪರ್ಶ ಇರಲಿಲ್ಲ. ಸುಟ್ಟರೂ ಗೊತ್ತಾಗದು, ಮುಳ್ಳು ಹೊಕ್ಕರೂ ಗೊತ್ತಾಗದು. ರೋಗ ಹೋದರೂ ಗಾಯ ತಪ್ಪುತ್ತಿರಲಿಲ್ಲ. ಗಾಯಕ್ಕೆ ಕಟ್ಟಿದ ಪಟ್ಟಿಗಳನ್ನು ದಿನಾ ಹೊಳೆಯಲ್ಲಿ ಒಗೆದು, ಕುದಿಸಿ, ಹಿಂಡಿ, ಹಗ್ಗದ ಮೇಲೆ ಒಣಗಿಸಿ, ಬಿಗಿಯಾಗಿ ಸುತ್ತಿಡಬೇಕು. ಅದು ಹನೋಕನ ಕೆಲಸವಾಯಿತು.

ಸಂಜೆ ಒಂದು ತಾಸು ಗಿಟಾರ್.

ಒಂದು ದಿನ ಹನೋಕ ಕೇಳಿದ: "ಮಾಸ್ತರ, ಕಡೇ ಶಬ್ದ ನೀವು ಯಾಕ ಹಾಡೂದಿಲ್ರಿ?"

"ಪಟ್ಟಿ ಒಣಗ್ಯಾವೇನು, ನೋಡಿ ಬಾ."

ಒಂದು ವರ್ಷ ಕಳೆದ ಮೇಲೆ ಮತ್ತೆ ಕೇಳಿದ.

"ಪಟ್ಟಿ ಸುತ್ತಿಟ್ಟೀಯೇನು?"

ರಾಹೇಲಮ್ಮನನ್ನು ಕೇಳಿದ. ಅವಳು ಎಲ್ಲದಕ್ಕೂ ಪಟಪಟ ಮಾತಾಡುವವಳು. ಇದಕ್ಕೆ ಮಾತ್ರ ರೊಟ್ಟಿ ತಟ್ಟುತ್ತ, "ಅವರನ್ನ ಕೇಳು" ಎಂದಳು. ಆ ದಿನ ರೊಟ್ಟಿ ಸೀದುಹೋಯಿತು.

ಹನೋಕ ತಾನೇ ಒಂದು ಉತ್ತರ ಹುಡುಕಿಕೊಂಡ. ಬೆರಳಿಲ್ಲದ ಮನುಷ್ಯ "ಕೈ" ಎಂದು ಹೇಗೆ ಹಾಡಿಯಾನು? ಅದಕ್ಕೇ ಆ ಶಬ್ದವನ್ನು ತಂತಿಗೆ ಬಿಟ್ಟಿದ್ದಾರೆ. ಹಾಡಿನ ಜೀವ ಇರುವುದೇ ಆ ಮೊಂಡ ಕೈಯಲ್ಲಿ.

ಅಂದಿನಿಂದ ತನ್ನ ಐದು ಬೆರಳನ್ನು ನೋಡಿದರೆ ಅವನಿಗೆ ಬೇಜಾರಾಗುತ್ತಿತ್ತು. ಹುಚ್ಚಪ್ಪ!

ಮೂರನೆಯ ವರ್ಷ ಮಾಸ್ತರರು ಬಿಸಿ ಚಹಾದ ಲೋಟ ಹಿಡಿದರು. ಸುಡುತ್ತಿದ್ದುದು ಅವರಿಗೆ ತಿಳಿಯಲಿಲ್ಲ. ಗಾಯ ಕೊಳೆಯಿತು. ಡಾಕ್ಟರು ತೋರುಬೆರಳನ್ನು ತೆಗೆಯಬೇಕಾಯಿತು.

ಸೀಸೆ ಹಿಡಿಯಲು ಇನ್ನು ಬೆರಳಿರಲಿಲ್ಲ.

ಮಾಸ್ತರರು ಗಿಟಾರನ್ನು ಒರೆಸಿ ಗೋಡೆಗೆ ತೂಗುಹಾಕಿದರು. ರಾಹೇಲಮ್ಮ ಅದರ ಮೇಲೊಂದು ಟವೆಲ್ ಹೊದಿಸಿದಳು.

"ಧೂಳ ಬೀಳತೈತಿ" ಎಂದಳು. ಆ ಕಡೆ ಮತ್ತೆ ನೋಡಲಿಲ್ಲ.

ಒಂದು ತಿಂಗಳೂ ಆಗಿರಲಿಲ್ಲ. ಒಂದು ಬೆಳಿಗ್ಗೆ ರಾಹೇಲಮ್ಮ ಒಲೆ ಹೊತ್ತಿಸಲು ಏಳಲಿಲ್ಲ. ಮಾಸ್ತರರು ಹೋಗಿ ಕೂಗಿದರು, ಮೈ ಮುಟ್ಟಿದರು. ಮುಟ್ಟಿದ್ದು ಬಿಸಿಯೋ ತಣ್ಣಗೋ ಅವರ ಕೈಗೆ ತಿಳಿಯದು. ಬಗ್ಗಿ ಕೆನ್ನೆಯನ್ನು ಅವಳ ಕೆನ್ನೆಗೆ ಹಚ್ಚಿದರು. ಆಗ ತಿಳಿಯಿತು.

ಸಂಜೆ ನಾಲ್ಕಕ್ಕೆ ಮಣ್ಣು ಎಂದಾಯಿತು. ಕಾಲೊನಿಯ ಸ್ಮಶಾನದಲ್ಲಿ, ಹೊಳೆಯ ಕಡೆಯ ಬೇಲಿಯ ಹತ್ತಿರ ಒಂದು ಪುಟ್ಟ ಕಲ್ಲಿತ್ತು. ಅದರ ಮೇಲೆ ಹೆಸರಿರಲಿಲ್ಲ. ಕ್ರಿಸ್‌ಮಸ್ಸಿಗೊಮ್ಮೆ ರಾಹೇಲಮ್ಮ ಅದಕ್ಕೆ ಸುಣ್ಣ ಹಚ್ಚುವುದನ್ನು ಹನೋಕ ನೋಡಿದ್ದ, ಯಾರದೆಂದು ಕೇಳಿರಲಿಲ್ಲ. ಮಾಸ್ತರರು ಆ ಕಲ್ಲಿನ ಪಕ್ಕದಲ್ಲೇ ಕುಣಿ ತೋಡಿಸಿದರು.

ಆಮೇಲೆ ಹನೋಕನ ಕಡೆ ತಿರುಗಿ, "ನೀನ ಬಾರಸು" ಎಂದರು.

ಈ ಮೂರು ವರ್ಷ ಅವನಿಗೆ ಹೊಟ್ಟೆ ನೋಡಿ ಅನ್ನ ಹಾಕಿದವಳು ರಾಹೇಲಮ್ಮ. ಅವಳನ್ನು ಕೆಟ್ಟ ಹಾಡು ಹಾಡಿ ಕಳಿಸಿದರೆ ತನ್ನನ್ನು ತಾನೇ ಕ್ಷಮಿಸಲಾರ.

ಸಾಲದ್ದಕ್ಕೆ ಪಕ್ಕದ ಮನೆಯ ಮುದುಕಿ ಶಾಂತವ್ವ ಬಂದು ಹೇಳಿದಳು: "ಇಲ್ಲಿ ಎಲ್ಲಾರನೂ ಮಾಸ್ತರ ಹಾಡಿ ಕಳಸ್ಯಾರ. ಅವರ ಹೆಂಡತಿಗೇ ಆ ಹಾಡಿಲ್ಲಂದ್ರ ಹ್ಯಾಂಗೋ? ಅವರ ಹಂಗ ಬಾರಸಾಕ ಬರತೈತೇನು? ಬರೂದಿಲ್ಲಂದ್ರ ಈಗ ಹೇಳಿಬಿಡು, ನಾವು ಸುಮ್ಮನ ಮಣ್ಣ ಕೊಡತೀವಿ."

"ಬರತೈತ್ರಿ" ಎಂದ ಹನೋಕ.

ಅವನು ಪಟ್ಟಿ ಇಡುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಒಂದು ಸುತ್ತು ಪಟ್ಟಿ ತೆಗೆದು ಎಡಗೈಯ ಮೂರು ಬೆರಳನ್ನು ಮಡಚಿ ಅಂಗೈಗೆ ಬಿಗಿದ. ಹಲ್ಲಿನಿಂದ ಗಂಟು ಎಳೆದ. ಹೆಬ್ಬೆರಳು, ತೋರುಬೆರಳು, ಎರಡೇ ಉಳಿದವು. ಮಾಸ್ತರರ ಕೈಯೇ ಬಂದ ಹಾಗಾಯಿತು. ಆ ಬೆರಳುಗಳಲ್ಲಿ ಸೀಸೆ ಹಿಡಿದು ತಂತಿಯ ಮೇಲೆ ಜಾರಿಸಿದ.

ಬಾಗಿಲು ತೆರೆಯಿತು. ಮಾಸ್ತರರು ನಿಂತಿದ್ದರು.

"ಏನದು?"

ಹನೋಕ ಕೈ ಹಿಂದೆ ಸರಿಸಿದ.

"ಮುಂದ ಚಾಚು."

ಚಾಚಿದ.

ಅವರಿಗೆ ಸಿಟ್ಟು ಬಂದದ್ದನ್ನು ಹನೋಕ ಮೂರು ವರ್ಷದಲ್ಲಿ ಕಂಡಿರಲಿಲ್ಲ. ಈಗ ಕಂಡ.

"ಇದು ಗಾಯಕ್ಕ ಕಟ್ಟೂ ಬಟ್ಟಿ. ನಿನಗ ಎಲ್ಲಿ ಗಾಯ ಆಗೈತಿ?"

"ನಿಮ್ಮ ಹಂಗ ಬಾರಸಬೇಕಂತ..."

"ಮೂರ್ಖಾ! ಇಂಥ ಬೆರಳು ಕೊಡು ಅಂತ ನಾನೂ ಆಕೀನೂ ಎಷ್ಟ ವರ್ಷ ದೇವರ ಮುಂದ ಅತ್ತೀವಿ, ಗೊತ್ತೈತೇನು ನಿನಗ? ಅವನ್ನ ಕಟ್ಟಿ ಹಾಕತೀಯಾ? ಆಕಿಯ ಮಣ್ಣಿಗೆ?"

ಗಂಟು ಬಿಚ್ಚಲು ಅವರಿಗೆ ಬೆರಳಿರಲಿಲ್ಲ. ಹನೋಕನ ಕೈ ಹಿಡಿದೆತ್ತಿ, ಬಾಯಿ ಹಚ್ಚಿ, ಹಲ್ಲಿನಿಂದ ಗಂಟು ಬಿಚ್ಚಿದರು.

ಪಟ್ಟಿ ನೆಲಕ್ಕೆ ಬಿತ್ತು.

"ತಗೊಂಡು ಸುತ್ತಿಡು. ಬೇಕಾದವರು ಅದಾರ."

ಹನೋಕ ಸುತ್ತಿಟ್ಟ.

"ನಾ ಹ್ಯಾಂಗ ಬಾರಸ್ಲಿ, ಮಾಸ್ತರ?"

"ನಿನಗ ಕೈ ಅದಾವಲ್ಲ."

"ಕಡೇ ಶಬ್ದ?"

"ಬಾಯೂ ಐತಿ. ಪೂರ್ತಿ ಹಾಡು. ಯಾರೂ ನಿನ್ನ ಬಾಯಿ ಹಿಡಿದಿಲ್ಲ."

ನಾಲ್ಕಕ್ಕೆ ಎಲ್ಲರೂ ಬೇಲಿಯ ಹತ್ತಿರ ಸೇರಿದರು. ಕೋಲು ಊರಿದವರು, ತಳ್ಳುಗಾಡಿಯಲ್ಲಿ ಕೂತವರು, ಎಲ್ಲರೂ. ಸಭಾಪಾಲಕರು ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆ ಕೆಳಗಿಳಿಯಿತು.

ಹನೋಕ ಕಲ್ಲಿನ ಪಕ್ಕ ಕೂತು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಐದೂ ಬೆರಳಿಂದ ಸೀಸೆ ಹಿಡಿದ. ಬಂದ ನಾದ ಮಾಸ್ತರರದಲ್ಲ. ಅವರದಕ್ಕಿಂತ ಒರಟಾಗಿತ್ತು, ಸ್ವಲ್ಪ ನಡುಗುತ್ತಿತ್ತು. ಶಾಂತವ್ವ ಹುಬ್ಬು ಗಂಟಿಕ್ಕಿದಳು. ಅವನು ಬಿಡಲಿಲ್ಲ.

ಪೂರ್ತಿ ಹಾಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

"ಹೊಳಿ ತುಂಬಿ ಬಂದೈತಿ, ತಂದೆ, ಹಿಡಿಯೋ ನನ್ನ..."

ಕುಣಿಯೊಳಗೆ ಕಣ್ಣು ಹೋಯಿತು. ಮೊದಲ ದಿನ ರೊಟ್ಟಿ ಮುಂದಿಟ್ಟ ಆ ಮೊಂಡ ಕೈ ನೆನಪಾಯಿತು. ತಾನು ಒಂದು ಗಳಿಗೆ ಮುಟ್ಟದೆ ಕೂತದ್ದು ನೆನಪಾಯಿತು.

ಬಾಯಿ ತೆರೆದೇ ಇತ್ತು, ಶಬ್ದ ಬರಲಿಲ್ಲ.

ಎಲ್ಲರೂ ಕಾಯುತ್ತಿದ್ದರು. ಹನೋಕನ ಕೈ ತಾನೇ ಸೀಸೆಯನ್ನು ತಂತಿಯ ಮೇಲೆ ಎಳೆಯಿತು.

ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಪ್ರತಿ ಸಾಲಿನಲ್ಲೂ ಹಾಗೇ ಆಯಿತು. ಪ್ರತಿ ಸಲವೂ ಅವನು ಹಾಡಲು ನೋಡಿದ, ಪ್ರತಿ ಸಲವೂ ಅಲ್ಲಿಗೆ ಬಂದು ನಿಂತ.

ಜನ ಒಬ್ಬೊಬ್ಬರಾಗಿ ಮಣ್ಣು ಹಾಕಿ ಹೋದರು. ಕಡೆಗೆ ಇಬ್ಬರೇ ಉಳಿದರು. ಮಾಸ್ತರರು ನೆಲದ ಮೇಲೆ ಕೂತು ಅಂಗೈಯಿಂದ ಹಸಿ ಮಣ್ಣನ್ನು ಸವರಿ ಸಮ ಮಾಡುತ್ತಿದ್ದರು. ಆ ಕೈ ಅಲ್ಲಿಂದ ಪಕ್ಕದ ಪುಟ್ಟ ಕಲ್ಲಿಗೂ ಹೋಯಿತು. ಅದರ ಮೇಲೆ ಬಿದ್ದ ಮಣ್ಣನ್ನೂ ಒರೆಸಿದರು.

ಹನೋಕ ಗಿಟಾರನ್ನು ಅವರ ಮುಂದೆ ಇಟ್ಟು ಅತ್ತುಬಿಟ್ಟ.

"ತಪ್ಪಾತ್ರಿ ಮಾಸ್ತರ. ಪೂರ್ತಿ ಹಾಡು ಅಂದಿದ್ರಿ. ನನ್ನ ಕೈಲೆ ಆಗಲಿಲ್ಲ. ನಿಮ್ಮನ್ನ ನೋಡಿ ಮಾಡಿದ್ದಲ್ರಿ, ದೇವರಾಣೆ. ಕಡೇ ಶಬ್ದಕ್ಕ ಬಂದು ಗಂಟಲ ಕಟ್ಟಿಬಿಡತು."

ಮಾಸ್ತರರು ಕೈಯನ್ನು ಆ ಪುಟ್ಟ ಕಲ್ಲಿನ ಮೇಲಿಂದ ತೆಗೆಯಲಿಲ್ಲ.

"ನಮ್ಮ ಕೂಸನ್ನ ಇಲ್ಲಿ ಇಟ್ಟ ದಿನ ನನಗೂ ಅಲ್ಲೇ ಕಟ್ಟಿತ್ತು, ತಮ್ಮಾ."