ಶನಿಯ ಕೈಗೆ ಬಳೆ ತೊಡಿಸಿದವಳು

ಶಾಂಭವಿ, ಆ ಪಟ ಮಡಚಿಡು ಸಾಕು. ನಿಮ್ಮ ಸ್ಕೂಲಿನವರು ಗ್ರಹಗಳನ್ನೆಲ್ಲ ಪಂಕ್ತಿ ಊಟಕ್ಕೆ ಕೂರಿಸಿದ ಹಾಗೆ ಒತ್ತೊತ್ತಿಗೆ ಬರೆದಿದ್ದಾರೆ, ಅವು ಹಾಗೆಲ್ಲ ಇಲ್ಲ ಕಣೇ. ಹೇಗಿವೆ ಅಂತ ನಾನು ಹೇಳ್ತೀನಿ, ಕಾಲು ಒಳಗೆ ಎಳಕೋ. ಹೆದರಿಕೆ ಆದರೆ ನನ್ನ ಸೆರಗು ಹಿಡ್ಕೋ, ಆದರೆ ಮಧ್ಯದಲ್ಲಿ ನಿಲ್ಲಿಸು ಅಂದರೆ ನಾನು ನಿಲ್ಲಿಸೋಳಲ್ಲ.

ಒಂದಾನೊಂದು ಕಾಲ, ಅದು ಯಾವ ಕಾಲ ಅಂತ ನಮ್ಮಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ. ಆಗ ಹೊನ್ನಾಜಿ ಅಂತ ಒಬ್ಬಳು ಬಳೆಗಾರ್ತಿ ಇದ್ದಳಂತೆ. ಹೆಗಲ ಮೇಲೆ ಬಳೆ ಪೋಣಿಸಿದ ಮಲಾರ ಹೊತ್ತು ಊರೂರು ತಿರುಗೋಳು. ಗಂಡ ತೀರಿಕೊಂಡಿದ್ದ, ಆದರೂ ಬಳೆ ತೊಡಿಸೋ ಕೈ ಬರಿದಾಗಿ ಇರಬಾರದು ಅಂತ ಎರಡೂ ಕೈ ತುಂಬ ಹಸಿರು ಬಳೆ ತೊಟ್ಟೇ ಇದ್ದಳಂತೆ. ಊರವರು ಆಡಿಕೊಂಡರು, ಅವಳು ಕ್ಯಾರೆ ಅನ್ನಲಿಲ್ಲ. ಸರಿಯಾಗೇ ಮಾಡಿದಳು, ನಾನಾಗಿದ್ದರೂ ಹಾಗೇ ಮಾಡ್ತಿದ್ದೆ. ಅವಳಿಗಿದ್ದದ್ದು ಒಂದೇ ಕೂಸು, ಕೆಂಚಿ ಅಂತ, ಐದು ವರ್ಷದ್ದು. ಒಂದು ದಿನ ಎಂದಿನ ಹಾಗೇ ಅದನ್ನ ಜಗಲಿ ಮೇಲೆ ಕೂರಿಸಿ, ಪಕ್ಕದ ಮನೆಯವಳಿಗೆ ನೋಡ್ಕೋ ಅಂತ ಹೇಳಿ, ಬಿಸಿಲು ಇಳಿಯೋದ್ರೊಳಗೆ ಬಂದುಬಿಡ್ತೀನಿ ಅಂದು ಹೊರಟಳಂತೆ.

ಬಳೆಗಾರರಲ್ಲಿ ಒಂದು ಕಟ್ಟಳೆ ಇದೆ. ಬಳೆ ತೊಡಿಸೋಕೆ ಅಂತ ಯಾರ ಕೈ ಹಿಡಿದರೋ ಆ ಕೈಗೆ ಬಳೆ ಹಾಕದೆ ಬಿಡೋ ಹಾಗಿಲ್ಲ. ಬರಿಗೈ ಬಿಟ್ಟರೆ ತಮ್ಮ ಮನೆಯ ಹೆಣ್ಣುಮಗುವಿಗೆ ಕೇಡು. ಇದನ್ನ ಗಟ್ಟಿಯಾಗಿ ಮನಸ್ಸಲ್ಲಿಟ್ಟುಕೋ.

ಆಮೇಲೆ ಏನಾಯ್ತು, ನಡು ಮಧ್ಯಾಹ್ನ, ಬಯಲಲ್ಲಿ ಒಂದು ನರಪಿಳ್ಳೆ ಇಲ್ಲ, ಹೊನ್ನಾಜಿ ನಡೀತಿದ್ದ ಹಾಗೇ ಕಾಲ ಬುಡದಲ್ಲಿದ್ದ ಅವಳ ನೆರಳೇ ಎದ್ದು ಎದುರಿಗೆ ನಿಂತುಕೊಳ್ತಂತೆ. ನಿಂತು, ಬಾಯಿಲ್ಲದೆ ಮಾತಾಡ್ತಂತೆ. ಮೇಲೆ ಉರೀತಿರೋ ನಮ್ಮ ಧಣಿ ಸೂರಪ್ಪನಿಗೆ ಎಂಟು ಜನ ಹೆಣ್ಣುಮಕ್ಕಳು, ಅವರಲ್ಲಿ ಒಬ್ಬಳ ಮೈಮೇಲೆ ನೀವೆಲ್ಲ ಇದ್ದೀರಿ, ಅವಳೊಬ್ಬಳಿಗೇ ಹಸಿರು ಬಳೆ, ನಮಗ್ಯಾಕೆ ಇಲ್ಲ ಅಂತ ಮಿಕ್ಕವರು ಅಳ್ತಿದ್ದಾರೆ, ಇಬ್ಬರಿಗಾದರೂ ತೊಡಿಸು ಬಾ, ತೊಡಿಸೋ ತನಕ ನಾನು ನಿನ್ನ ಕಾಲಿಗೆ ಮರಳೋದಿಲ್ಲ ಅಂತು. ನೆರಳಿಲ್ಲದೆ ಮನೆಗೆ ಹೋದರೆ ಕೂಸು ಹೆದರಿ ಚೀರಿಕೊಳ್ಳೋದಿಲ್ವೇ? ಹೊನ್ನಾಜಿ ಹೂಂ ಅಂದಳಂತೆ. ಹೂಂ ಅಂದಿದ್ದೇ ತಡ, ಸುಂಟರಗಾಳಿ ಎತ್ತಿಕೊಂಡು ಹೋಯ್ತಂತೆ.

ಮೊದಲು ಶುಕ್ರಿ ಮನೆ. ಗಾತ್ರದಲ್ಲಿ ನಮ್ಮ ಭೂಮಿಗೆ ಅವಳಿ, ದೂರದಿಂದ ನೋಡಿದರೆ ಎಂಟು ಜನರಲ್ಲೂ ಅವಳದೇ ಬೆಳಕು. ಹತ್ತಿರ ಹೋದರೆ ಮೈತುಂಬ ಹಳದಿ ಮುಸುಕು, ಒಳಗೆ ಕುಲುಮೆ. ಅವಳಿಗಿಂತ ಸೂರಪ್ಪನ ಹತ್ತಿರ ಇರೋಳು ಬುಧಿ, ಕಡಲೆಕಾಳಿನಷ್ಟಿರೋ ಹುಡುಗಿ, ಅವಳ ಮನೆಯಲ್ಲೂ ಇಷ್ಟು ಸೆಕೆ ಇಲ್ವಂತೆ. ಶುಕ್ರಿ ಕೈ ಚಾಚಿದಳು, ಹೊನ್ನಾಜಿ ಹಿಡಿದು ಬಳೆ ಏರಿಸಿದಳು, ಏರಿಸಿದ ಬಳೆ ಬೆಲ್ಲದ ಪಾಕದ ಹಾಗೆ ಕರಗಿ ಇಳಿದುಹೋಯ್ತಂತೆ. ಹಾಕಿದ್ದು ಹಾಕಿದ ಹಾಗೇ ಆಯ್ತಲ್ಲ, ಕೈ ಬಿಟ್ಟಳು. ಶುಕ್ರಿ ಮುಸುಕಿನೊಳಗಿಂದಲೇ, ನಾಳೆ ಬಂದು ಇನ್ನೊಂದು ತೊಡಿಸು ಅಂದಳಂತೆ. ನೆರಳು ಹೊನ್ನಾಜಿ ಕಿವಿಯಲ್ಲಿ, ಇವಳ ನಾಳೆ ನಂಬಬೇಡ, ಇವಳು ತನ್ನ ಸುತ್ತ ತಾನು ಒಂದು ಸಲ ತಿರುಗೋದ್ರೊಳಗೆ ಇವಳ ಯುಗಾದಿಯೇ ಬಂದುಹೋಗುತ್ತೆ ಅಂತು.

ಆಮೇಲೆ ಮಂಗಳಿಯ ಕೆಂಪು ಅಂಗಳ ದಾಟಿ ಗುರವ್ವನ ಮನೆಗೆ ಹೋದರಂತೆ. ಮಂಗಳಿ ಭೂಮಿಗಿಂತ ಸಣ್ಣವಳು, ತುಕ್ಕು ಹಿಡಿದ ನೆಲ, ಉಸಿರಾಡೋಕೆ ಗಾಳಿ ಸಾಲದು, ಅಲ್ಲಿ ಮಲಾರದ ಬಳೆಗಳು ಒಂದಕ್ಕೊಂದು ತಾಗಿದರೂ ಸದ್ದೇ ಬರಲಿಲ್ಲ. ಬಳೆ ಸದ್ದಿಲ್ಲದ ಕಡೆ ಒಂದು ಗಳಿಗೆ ನಿಲ್ಲೋಕೂ ಹೊನ್ನಾಜಿಗೆ ಧೈರ್ಯ ಬರಲಿಲ್ಲ. ಇನ್ನು ಗುರವ್ವ! ಭೂಮಿ ನೆಲ್ಲಿಕಾಯಿ ಆದರೆ ಗುರವ್ವ ಕುಂಬಳಕಾಯಿ. ಅವಳ ಮನೆಗೆ ನೆಲವೇ ಇಲ್ಲ ಮಗಾ, ಇಟ್ಟ ಹೆಜ್ಜೆ ಹೊಗೆಯಲ್ಲಿ ಇಳೀತಾನೇ ಹೋಗುತ್ತೆ. ಹೊಟ್ಟೆ ಮೇಲೆ ಒಂದು ಕೆಂಪು ಕಣ್ಣು, ನೂರಾರು ವರ್ಷದಿಂದ ರೆಪ್ಪೆ ಹಾಕಿಲ್ಲ. ಆ ಕಣ್ಣೊಳಗೆ ಭೂಮಿಯನ್ನ ಇಟ್ಟರೆ ಮುಳುಗಿಹೋಗುತ್ತೆ. ಕೈ ಚಾಚಿದಾಗ ಹೊನ್ನಾಜಿ ಜಾಣೆ, ತನ್ನ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಣ್ಣಲ್ಲೇ ಅಳತೆ ಮಾಡಿ, ನಿನ್ನ ಅಳತೆ ಬಳೆ ಯಾವ ಭಟ್ಟಿಯಲ್ಲೂ ಮಾಡೋಲ್ಲ ತಾಯಿ ಅಂದುಬಿಟ್ಟಳಂತೆ. ಮುಟ್ಟಲಿಲ್ಲ, ಹಾಗಾಗಿ ಕಟ್ಟಳೆಯೂ ತಾಕಲಿಲ್ಲ.

ಮೂರನೇದು ಶನವ್ವನ ಮನೆ. ಅಲ್ಲಿಂದ ಸೂರಪ್ಪ ಒಂದು ಕಿಡಿ ಅಷ್ಟೇ. ಕೊರೆಯೋ ಚಳಿ, ಎದುರಿಗೆ ಬರೀ ಮಂಜು. ಮಂಜಿನೊಳಗಿಂದ ಒಂದು ಕೈ ಬಂದು ಹೊನ್ನಾಜಿ ಮಡಿಲಲ್ಲಿ ಕೂತುಕೊಳ್ತು. ಹತ್ತಿಯಷ್ಟು ಹಗುರ. ಬಳೆಗಾರರು ಕೈಯನ್ನ ತೂಗಿ ನೋಡಿಯೇ ಅಳತೆ ಹೇಳೋರು ತಾನೇ, ಇದು ನಮ್ಮ ಕೆಂಚಿ ಕೈಯಷ್ಟೇ ಇದೆ ಅಂದುಕೊಂಡು ಗಪ್ಪನೆ ಹಿಡಿದೇಬಿಟ್ಟಳಂತೆ. ಮಂಜು ಸರೀತು. ನೋಡಿದರೆ ಆ ಕೈಯ ಹಿಂದೆ ಅರ್ಧ ಆಕಾಶ ಮುಚ್ಚೋವಷ್ಟು ಮೈ! ಶನವ್ವ ಗಾತ್ರದಲ್ಲಿ ಗುರವ್ವನಿಗಿಂತ ಸ್ವಲ್ಪವೇ ಕಮ್ಮಿ, ಆದರೆ ತೂಕವೇ ಇಲ್ಲ. ಅವಳು ಮುಳುಗೋವಷ್ಟು ದೊಡ್ಡ ಕೆರೆ ಇದ್ದಿದ್ದರೂ ಮುಳುಗ್ತಿರಲಿಲ್ಲ, ತೇಲ್ತಿದ್ದಳು.

ಹಿಡಿದೆಯಲ್ಲ ಅಕ್ಕಾ, ಇನ್ನು ತೊಡಿಸು ಅಂದಳಂತೆ ಶನವ್ವ, ನಿಧಾನವಾಗಿ.

ಅಷ್ಟು ದೊಡ್ಡವಳಿಗೆ ತೊಡಿಸೋವಂಥ ಬಳೆ ಎಲ್ಲಿದೆ? ಬಿಟ್ಟರೆ ಕೆಂಚಿಗೆ ಕೇಡು. ಬಿಡದೇ ಇದ್ದರೆ? ಹೊನ್ನಾಜಿ ತಿರುಗಿ ನೋಡಿದಳಂತೆ. ಕೆಳಗೆ ದೂರದಲ್ಲಿ ಹಗಲು ರಾತ್ರಿ ಕಣ್ಣು ಮಿಟುಕಿಸಿದ ಹಾಗೆ ಓಡ್ತಿವೆ. ಜಗಲಿ ಮೇಲೆ ಕೆಂಚಿ. ಒಂದು ಸಲ ನೋಡಿದಾಗ ಅವ್ವಾ ಅಂತ ಅಳ್ತಿತ್ತು, ಇನ್ನೊಂದು ಸಲ ನೋಡಿದಾಗ ಮುಂದಿನ ಹಲ್ಲು ಬಿದ್ದಿತ್ತು, ಮತ್ತೆ ನೋಡಿದಾಗ ಉದ್ದ ಜಡೆ, ಅಳು ನಿಂತಿತ್ತು. ಅಳು ನಿಂತದ್ದು ನೋಡಿಯೇ ಹೊನ್ನಾಜಿಗೆ ಎದೆ ಒಡೆದುಹೋಯ್ತಂತೆ. ನನ್ನನ್ನ ಹೋಗೋಕೆ ಬಿಡು ತಾಯಿ, ನನ್ನ ಕೂಸು ದೊಡ್ಡದಾಗ್ತಿದೆ ಅಂತ ಗೋಗರೆದಳು. ಆತುರ ಯಾಕಕ್ಕಾ, ನನ್ನದಿನ್ನೂ ಯುಗಾದಿಯೇ ಬಂದಿಲ್ಲ ಅಂದಳಂತೆ ಶನವ್ವ. ಅವಳಿಗೆ ಒಂದು ಯುಗಾದಿ ಬರಬೇಕಾದರೆ ನಮಗೆ ಮೂವತ್ತು ಯುಗಾದಿ ಆಗಬೇಕು. ಅವಳೇನೂ ಕೆಟ್ಟವಳಲ್ಲ ಕಣೇ, ಅವಳಿಗೆ ಗೊತ್ತಾಗ್ತಿರಲಿಲ್ಲ ಅಷ್ಟೇ.

ಆಗ ಹೊನ್ನಾಜಿ ಏನು ಮಾಡಿದಳು ಅಂದರೆ, ಬಳೆಗಾರರು ಯಾವತ್ತೂ ಮಾಡದ ಕೆಲಸ. ಇನ್ನೊಂದು ಕೈಯಲ್ಲಿ ಮಲಾರ ಬಿಚ್ಚಿ ಬಳೆಗಳನ್ನ ಮೊಣಕಾಲಿಗೆ ಬಡಿದು ಬಡಿದು ಚೂರು ಮಾಡಿ, ಕೈ ಮೈ ಎಲ್ಲ ಒಳಗೊಳ್ಳೋ ಹಾಗೆ ಶನವ್ವನ ಸುತ್ತ ತೂರಿದಳಂತೆ. ಚೂರುಗಳು ಕೆಳಗೆ ಬೀಳಲಿಲ್ಲ. ಒಂದರ ಹಿಂದೆ ಒಂದು ಸಾಲುಗಟ್ಟಿ ಸುತ್ತೋಕೆ ಶುರುಮಾಡಿದವು, ಚಳಿಗೆ ಹಸಿರೆಲ್ಲ ಬಿಳುಚಿ ಮಂಜುಗಡ್ಡೆ ಆದವು. ಮಲಾರ ಖಾಲಿ ಆಯ್ತು, ಸುತ್ತು ಕೂಡಲಿಲ್ಲ, ಒಂದು ಗೇಣು ಸಾಲದೆ ಬಂತು. ಹೊನ್ನಾಜಿ ತನ್ನ ಕೈ ನೋಡಿಕೊಂಡಳು. ಗಂಡ ಸತ್ತಾಗ ನಾಲ್ಕು ಜನ ಬಂದು ಹಿಡಿದುಕೊಂಡರೂ ಒಡೆಯೋಕೆ ಬಿಡದೇ ಇದ್ದ ಬಳೆ ಅವು. ಕಣ್ಣು ಮುಚ್ಚಿ ಅವನ್ನೂ ಒಡೆದು ತೂರಿದಳಂತೆ. ಸುತ್ತು ಕೂಡ್ತು. ಶನವ್ವ ತನ್ನ ಬಳೆ ನೋಡಿಕೊಂಡು ನಗ್ತಾ ನಗ್ತಾ ಕೈ ಹಿಂದಕ್ಕೆ ಎಳಕೊಂಡಳು.

ಹೊರಟವಳಿಗೆ ಶನವ್ವನ ಮನೆಯಾಚೆಯ ಕತ್ತಲಿಂದ ಇನ್ನೂ ಎರಡು ದನಿ ಕೇಳಿಸ್ತಂತೆ, ನಮಗೂ ಬಳೆ, ನಮಗೂ ಬಳೆ ಅಂತ. ನಿಮ್ಮ ಟೀಚರ್ ಹೇಳೋ ಯುರೇನಸ್ಸು ನೆಪ್ಚೂನು ಅವರೇ. ಒಬ್ಬಳು ಮಗ್ಗಲಾಗಿ ಮಲಗಿಕೊಂಡೇ ಉರುಳ್ತಾಳೆ, ಇನ್ನೊಬ್ಬಳಿಗೆ ಒಂದು ಯುಗಾದಿ ಬರೋದ್ರೊಳಗೆ ನಮ್ಮಲ್ಲಿ ಆರು ತಲೆಮಾರು ಮಣ್ಣಾಗಿರುತ್ತೆ. ಹೊನ್ನಾಜಿ ತಿರುಗಿ ನೋಡಲಿಲ್ಲ. ನೆರಳು ಕಾಲಿಗೆ ಬಂದು ಅಂಟಿಕೊಳ್ತು, ಗಾಳಿ ಇಳಿಸ್ತು.

ಊರಿಗೆ ಬಂದರೆ ಹದಿನೈದು ವರ್ಷ ಹೋಗಿತ್ತು. ಜಗಲಿ ಮೇಲೆ ಇಪ್ಪತ್ತರ ಹೆಣ್ಣುಮಗಳು ಬಳೆ ಜೋಡಿಸ್ತಾ ಕೂತಿದ್ದಳಂತೆ. ಹೊನ್ನಾಜಿಗೆ ಒಂದು ದಿನವೂ ವಯಸ್ಸಾಗಿರಲಿಲ್ಲ. ಇಬ್ಬರೂ ಓರಗೆಯವರ ಹಾಗೆ ಮುಖ ಮುಖ ನೋಡಿಕೊಂಡು ನಿಂತರು. ಊರೆಲ್ಲ ಸೇರ್ತು, ಇದು ದೆವ್ವವೋ ಏನೋ ಅಂದರು, ಹೆಂಗಸರು ಮಕ್ಕಳನ್ನ ಒಳಗೆ ಎಳಕೊಂಡರು. ಒಬ್ಬ ಮುದುಕ ಧೈರ್ಯ ಮಾಡಿ, ನಿಮ್ಮಿಬ್ಬರಲ್ಲಿ ಅವ್ವ ಯಾರು, ಮಗಳು ಯಾರು ಅಂತ ಕೇಳಿದನಂತೆ. ಹೊನ್ನಾಜಿ ಜಗಲಿ ಮೇಲೆ ಕುಸಿದು ಕೂತಳು. ಕೆಂಚಿ ಬಳೆ ಪಕ್ಕಕ್ಕಿಟ್ಟು, ಇಷ್ಟು ಹೊತ್ತು ಮಾಡಿಬಿಟ್ಟೆಯಲ್ಲೇ ಅಂದು, ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಿಬಿಟ್ಟಳಂತೆ.

ಮುದುಕ ಮತ್ತೆ ಕೇಳಲಿಲ್ಲ. ಅವರಿಬ್ಬರೂ ಅಲ್ಲಿ ಸುಖವಾಗಿದ್ದರು, ನನ್ನ ಕತೆ ಇಲ್ಲಿಗೆ ತೀರಿತು, ನೀನು ಸ್ವಲ್ಪ ಸರಿದು ಮಲಗೇ.